ದಾದಾಸಾಬರ ಮೆಟಲ್ ಕ್ಯಾಸೆಟ್ಟು

ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆಗ ದಾದಾಸಾಬರ ರೆಕಾರ್ಡಿಂಗ್ ಅಂಗಡಿ ಇತ್ತು. ಯಾವ ಕ್ಯಾಸೆಟ್ ತುಂಬಿಕೊಟ್ಟರೂ ಅದರ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಮುರಿದೇ ಕೊಡುತ್ತಿದ್ದರು. ಹಲ್ಲು ಮುರಿದರೆ ಕೈತಪ್ಪಿ ಅದರ ಮೇಲೆ ಬೇರೇನೂ ತುಂಬುವುದಿಲ್ಲ. ಅವರು ಮುರಿಯದೆ ಬಿಟ್ಟದ್ದು ಒಂದೇ ಒಂದನ್ನು.

ಅದು ಅವರ ಷಡ್ಡಕ ದುಬೈಯಿಂದ ತಂದ, ಟೇಪಿಗೆ ಲೋಹದ ಪುಡಿ ಬಳಿದ ಮೆಟಲ್ ಕ್ಯಾಸೆಟ್ಟು. ಸಾದಾ ಟೇಪಿನಲ್ಲಿ ಹಾಡಿನ ಹಿಂದೆ ಸದಾ ಸುಂಯ್ ಎನ್ನುವ ಸದ್ದು. ಇದರಲ್ಲಿ ಹಾಡುವವರ ಬಳೆ ಕದಲಿದ್ದೂ ಕೇಳುತ್ತಿತ್ತು. ಸಿನಿಮಾ ಹಾಡಿಗೆ ಬಳಸಲು ಮನಸ್ಸಾಗದೆ ಎರಡು ವರ್ಷ ಕಪಾಟಿನಲ್ಲಿಟ್ಟಿದ್ದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕರಿಯವ್ವ ಒಂದು ಮದುವೆಯಲ್ಲಿ ಸೋಬಾನೆ ಹೇಳಿದ್ದನ್ನು ಕೇಳಿದ ಮರುದಿನವೇ ರೆಕಾರ್ಡಿಂಗ್ ಡೆಕ್ ಹೊತ್ತು ಅವಳ ಮನೆಗೆ ಹೋದರು. ಹಾಡು ತುಂಬಿದ ಮೇಲೆ, ಅಂಥ ಹೊಳೆಯುವ ಕ್ಯಾಸೆಟ್ಟಿಗೆ ಸ್ಕ್ರೂಡ್ರೈವರ್ ಹಚ್ಚಲು ಕೈ ಬರಲಿಲ್ಲ; ಹಾಗೆಯೇ ಕರಿಯವ್ವನಿಗೆ ಕೊಟ್ಟು ಬಂದರು.

ನಾಲ್ಕು ವರ್ಷ ಕಳೆಯಿತು. ಪೇಟೆಗೆ ಸಿ.ಡಿ. ಬಂತು. ಕರಿಯವ್ವನ ಗಂಟಲಿಗೆ ಆಪರೇಷನ್ ಆಗಿ ದನಿ ಪಿಸುಮಾತಿಗಿಳಿಯಿತು. ಒಂದು ಬೆಳಗ್ಗೆ ಅವಳ ಮೊಮ್ಮಗಳು ಸುರೇಖಾ ಅಂಗಡಿಗೆ ಬಂದು, ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಅಳತೊಡಗಿದಳು.

"ಕಾಕಾ, ನಾಳಿ ನನ್ನ ಮದುವಿ ಅರಿಷಿಣ. ಹಾಡು ಅಜ್ಜೀದ ಆಗಬೇಕಂತ. ಹಚ್ಚಿ ನೋಡಾಕ ಹೋಗಿ ರೆಕಾರ್ಡಿನ ಕೆಂಪು ಗುಂಡಿನೂ ಒತ್ತೇನ್ರಿ. ಅಜ್ಜಿಗೆ ಹೇಳಿಲ್ಲ."

"ಈಗ ಏನು ಕೇಳತೈತಿ?"

"ಕುಕ್ಕರ್ ಸೀಟಿ. ನಮ್ಮವ್ವನ ಬೈಗಳ."

"ತಪ್ಪು ನಿಂದಲ್ಲವಾ. ಹಲ್ಲು ಮುರೀಲಾರದಾಂವ ನಾನು."

ದಾದಾಸಾಬರು ಕ್ಯಾಸೆಟ್ಟನ್ನು ಡೆಕ್ಕಿಗೆ ಹಾಕಿ, ಹೆಡ್‌ಫೋನ್ ಕಿವಿಗಿಟ್ಟು ಕಣ್ಣು ಮುಚ್ಚಿದರು. ಸೀಟಿ, ಪಾತ್ರೆ, ಕೋಳಿ. ಅವೆಲ್ಲದರ ಕೆಳಗೆ, ನೆಲದಡಿಯ ಕಾಳಿನ ಹಗೇವಿನೊಳಗೆ ಕುಳಿತು ಹಾಡಿದಂತೆ ಒಂದು ದನಿ.

"ಅದಾಳ! ನಿಮ್ಮಜ್ಜಿ ಒಳಗ ಅದಾಳ!"

"ಖರೇನ ಕಾಕಾ?"

"ಈ ಟೇಪು ದನಿ ಗಟ್ಟಿ ಹಿಡೀತೈತಿ. ಅಳಸಾಕೂ ಗಟ್ಟಿ ಮಷಿನ್ನೇ ಬೇಕು. ನಿಮ್ಮ ಮನಿ ಟೇಪ್ ರೆಕಾರ್ಡರಿಗೆ ಅಷ್ಟು ಕಸು ಎಲ್ಲೀದು?"

ಅವರು ಸಂಜೆಯವರೆಗೂ ಆಂಪ್ಲಿಫೈಯರಿನ ಗುಂಡಿಗಳನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಕುಳಿತರು. ದನಿ ಮೇಲೆ ಬಂತು. ಸೀಟಿ ಹೋಗಲಿಲ್ಲ.

ಮರುದಿನ ಡೆಕ್ಕು, ಸ್ಪೀಕರು ಹೊತ್ತು ತಾವೇ ಬ್ಯಾಡಗಿಗೆ ಹೋದರು. ಸುರೇಖಾಳನ್ನು ಮಣೆಯ ಮೇಲೆ ಕೂರಿಸಿ ಅರಿಷಿಣ ಹಚ್ಚುತ್ತಿದ್ದಾಗ ಹಾಡು ಎದ್ದಿತು. ಕರಿಯವ್ವ ತನ್ನ ಗಂಟಲನ್ನು ಮುಟ್ಟಿಕೊಂಡು ಕೇಳಿದಳು. ಹೆಂಗಸರು ಹಿಮ್ಮೇಳದ ಸೊಲ್ಲು ಹಿಡಿಯುವಷ್ಟರಲ್ಲಿ ಕುಕ್ಕರ್ ಕೂಗಿತು. ಹಿಂದೆಯೇ ಟೇಪಿನೊಳಗಿಂದ ಸುರೇಖಾಳ ಅವ್ವನ ದನಿ, "ಏ ಸುರೇಖಾ, ಬ್ಯಾಳಿ ಹೊತ್ತಾಕತ್ತೈತಿ! ಎಲ್ಲಿ ಸತ್ತೀದಿ?"

ಮದುಮಗಳು ತಲೆ ತಗ್ಗಿಸಿದಳು. ದಾದಾಸಾಬರ ಕೈ ಗುಂಡಿಯ ಮೇಲೆ ನಿಂತಿತು.

ಕರಿಯವ್ವ ಪಿಸುದನಿಯಲ್ಲೇ ಅಂದಳು: "ನೀವು ಹಿಂದ ಬಿದ್ರಿ. ನನ್ನ ಹಾಡಿಗೆ ಕುಕ್ಕರ್ ಸೊಲ್ಲು ಹಿಡೀತು ನೋಡ್ರಿ!"

ಮನೆ ನಗೆಯಿಂದ ತುಂಬಿತು. ಮುಂದಿನ ಸೊಲ್ಲಿಗೆ ಒಬ್ಬ ಹೆಂಗಸೂ ಹಿಂದೆ ಬೀಳಲಿಲ್ಲ. ಕರಿಯವ್ವನ ತುಟಿಗಳೂ ಆಡುತ್ತಿದ್ದವು.

ಹಾಡು ಮುಗಿದ ಮೇಲೆ ದಾದಾಸಾಬರು ಕ್ಯಾಸೆಟ್ಟು ತೆಗೆದು, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು.

"ಲಗೂ ಮುರಿ ದಾದಾ," ಎಂದಳು ಕರಿಯವ್ವ, "ಇಲ್ಲಂದ್ರ ಈಕಿ ನಾಳಿ ಮಿಕ್ಸರೂ ತುಂಬತಾಳ."

ಎರಡು ಹಲ್ಲುಗಳು ಟಕ್, ಟಕ್ ಎಂದು ಮುರಿದು ಸುರೇಖಾಳ ಅರಿಷಿಣದ ಅಂಗೈಗೆ ಬಿದ್ದವು.