ಅಕ್ಕನ ಮುಖ ಕೇಳಿದ ಫೋನು

ಎದುರಾಳಿ ಪುರಾವೆ ಮುಂದಿಟ್ಟರೆ ಮೊದಲು ಆ ಪುರಾವೆಯನ್ನೇ ಅನುಮಾನಿಸು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದದ್ದೆಲ್ಲ ಹೀಗೇ. ಅರಸೀಕೆರೆಯಿಂದ ಬಂದು ಗೆಂಡೆಹಳ್ಳಿಯ ಸಮುದಾಯ ಭವನದಲ್ಲಿ ಹುಡುಗಿಯರಿಗೆ ಮೊಬೈಲು, ಕಂಪ್ಯೂಟರು ಕಲಿಸತೊಡಗಿದಾಗಲೂ ಆ ಗತ್ತು ನನ್ನ ಜೊತೆಗೇ ಬಸ್ಸು ಹತ್ತಿತ್ತು.

ಅವತ್ತಿನ ಪಾಠ ಫೋನಿನ ಲಾಕ್. ಸ್ವಂತ ಫೋನು ಯಾರಿಗೂ ಇರಲಿಲ್ಲ. ಎಲ್ಲ ಅಪ್ಪನದೋ ಅಣ್ಣನದೋ ಬೇಡಿ ತಂದವು. ಹಿಂದಿನ ಸಾಲಿನ ಒಬ್ಬಳು ಮಾತ್ರ ತನ್ನ ಫೋನನ್ನು ವೇಲಿನಲ್ಲಿ ಸುತ್ತಿ, ಮುಟ್ಟದೆ ಕೂತಿದ್ದಳು.

"ಯಾರದು?"

"ಅಕ್ಕಂದು ಮಿಸ್. ಹೋದ ವರ್ಷ ತೀರ್ಕೊಂಡ್ಳು. ಕ್ಲಾಸಿಗೆ ಇಟ್ಕೋ ಅಂತ ಭಾವ ಕೊಟ್ಟವ್ರೆ."

"ಲಾಕ್ ಗೊತ್ತಾ?"

"ಪ್ಯಾಟರ್ನ್ ಹೇಳವ್ರೆ. ಬೇಕಾಗಲ್ಲ."

ಫೋನನ್ನು ಮುಖದ ಮುಂದೆ ಹಿಡಿದಳು. ತೆರೆದುಕೊಂಡಿತು. ಮುಖ ನೋಡಿ ತೆರೆಯುವ ಲಾಕು ಅದು. ಅದರಲ್ಲಿ ದಾಖಲಾಗಿದ್ದದ್ದು ಸತ್ತವಳ ಮುಖ.

ಮುಂದಿನ ಸಾಲಿನವರೆಲ್ಲ ಹಿಂದಕ್ಕೆ ತಿರುಗಿ ಕೂತರು.

"ಭಾವಂಗೇ ನನ್ನ ಕೊಡ್ಬೇಕು ಅಂತಾವ್ರೆ ಮಿಸ್. ಒಲ್ಲೆ ಅಂದಿದ್ದೆ. ಇದು ಓಪನ್ ಆಗಿದ್ದು ನೋಡಿ ಅಜ್ಜಿ, 'ದೊಡ್ಡೋಳೇ ಒಪ್ಪವ್ಳೆ ಕಣೇ, ನಿಂದೇನೇ?' ಅಂತು. ಅಪ್ಪಾನೂ ಸುಮ್ಕಾಯ್ತು. ಭಾನುವಾರ ಮಾತು ಮುಗಿಸ್ತಾರೆ."

ಸತ್ತವಳ ಗಂಡನಿಗೆ ತಂಗಿಯನ್ನೇ ಕೊಡುವುದು ಹಳೆಯ ರೂಢಿ. ಅದಕ್ಕೆ ಫೋನು ಸಾಕ್ಷಿಯಾಗುವುದು ಹೊಸದು. ನನಗೆ ಹುರುಪು ಬಂತು. ಅಗ್ಗದ ಫೋನು, ದಡ್ಡ ಕ್ಯಾಮೆರಾ, ಯಾರಿಗೆ ಬೇಕಾದರೂ ತೆರೆಯುತ್ತೆ ಎಂದು ವಾದ ಹೂಡಿ ನನ್ನ ಮುಖಕ್ಕೇ ಹಿಡಿದೆ. ತೆರೆಯಲಿಲ್ಲ. ಒಬ್ಬೊಬ್ಬರಿಗೂ ಹಿಡಿದೆ. ಊಹೂಂ. ಅವಳ ಕಡೆ ತಿರುಗಿಸಿದ್ದೇ ತಡ, ತೆರೆಯಿತು. ಅವಳು ಗಾಬರಿಯಲ್ಲಿ ವೇಲನ್ನು ಬಾಯಿ ಮೂಗಿಗೆ ಅಡ್ಡ ಎಳೆದುಕೊಂಡಳು. ಆಗಲೂ ತೆರೆಯಿತು.

"ಮಿಸ್ಸೇ ಸೋತ್ರು!" ಎಂದು ಮುಂದಿನ ಸಾಲಿನವಳು ನಕ್ಕಳು. ಯಾರೂ ಜೊತೆಗೂಡಲಿಲ್ಲ.

"ಅಕ್ಕ ತಂಗಿಗೆ ಹೋಲಿಕೆ ಇರುತ್ತೆ, ಅಷ್ಟೇ," ಎಂದೆ. ಸರಿಯಾದ ಮಾತೇ. ಆದರೂ ಫೋನನ್ನು ಇನ್ನೊಮ್ಮೆ ಅವಳ ಕಡೆ ತಿರುಗಿಸದೆ ಅವಳ ಕೈಗಿಟ್ಟೆ.

ಅವಳಿಗೆ ನನ್ನ ವಾದ ಬೇಕಿರಲಿಲ್ಲ. "ಈ ಮುಖ ಅಳಿಸೋದು ಹೆಂಗೆ?"

ತೋರಿಸಿದೆ. ಪ್ಯಾಟರ್ನ್ ಎಳೆದಳು. ಮುಖವನ್ನು ಅಳಿಸಬೇಕೇ ಎಂದು ಫೋನು ಕೇಳಿತು. ಬೆರಳು ಅಲ್ಲೇ ನಿಂತಿತು.

"ಅವಳಿಗೆ ನೋವಾಗಲ್ಲ ಅಲ್ವಾ?"

ನಾಲಿಗೆ ತುದಿಗೆ ಬಂದ ಉತ್ತರವನ್ನು ನುಂಗಿಕೊಂಡೆ. ಅವಳು ಕಣ್ಣು ಮುಚ್ಚಿ ಒತ್ತಿದಳು. ಆಮೇಲೆ ಮುಖಕ್ಕೆ ಹಿಡಿದರೆ ಬರೀ ಕಪ್ಪು ಪರದೆ.

ಸೋಮವಾರ ಎಲ್ಲರಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. ಹಿಂದಿನ ದಿನ ಭಾವನೂ ಅಪ್ಪನೂ ಕೂತಿರುವಾಗ, "ನನ್ನ ಮುಖಕ್ಕೆ ನೀನೇ ಹಿಡಿದು ನೋಡು" ಎಂದು ಫೋನನ್ನು ಅಜ್ಜಿಯ ಕೈಗಿಟ್ಟಳಂತೆ. ಅಜ್ಜಿ ಸೆರಗಿನಲ್ಲಿ ಒರೆಸಿ ಒರೆಸಿ ಹಿಡಿದರೂ ತೆರೆಯಲಿಲ್ಲವಂತೆ. ಕೊನೆಗೆ ಅಜ್ಜಿಯೇ, "ದೊಡ್ಡೋಳು ಬ್ಯಾಡ ಅಂತಾವ್ಳೆ, ಬಿಟ್ಬುಡಿ" ಅಂದಿತಂತೆ. ಭಾವ ತಲೆ ತಗ್ಗಿಸಿ ಎದ್ದುಹೋದರಂತೆ.

"ಗೆದ್ದೆ ಬಿಡು!"

ಅವಳು ನಗಲಿಲ್ಲ. "ಆಮೇಲೆ ಅಜ್ಜಿ ಮಡಿಲಲ್ಲಿತ್ತು ಮಿಸ್, ಫೋನು. ನಾನು ಎತ್ಕೊಳ್ಳೋಕೆ ಬಗ್ಗಿದೆ. ಓಪನ್ ಆಗೋಯ್ತು."

ಅಳಿಸಿದ್ದನ್ನು ಕಣ್ಣಾರೆ ನೋಡಿದವಳು ನಾನು.

"ಅಜ್ಜಿ ನೋಡಿದ್ರಾ?"

"ನೋಡ್ತು. ಅಪ್ಪಂಗೆ ಕಾಣ್ದಂಗೆ ಅದರ ಮೇಲೆ ಸೆರಗು ಹಾಕಿ, 'ಕಾಫಿಗೆ ನೀರಿಡು ಹೋಗೇ' ಅಂತು."