ಹಳದಿ ಬೆಲ್ಲದ ಮೇಲೆ ಕರಿ ಬೆಲ್ಲದ ಮಾತು

ಸ್ನೇಹಿತರೇ, ಇವತ್ತು ಮಧ್ಯಾಹ್ನ ಹೊಸಪೇಟೆಯ ನಮ್ಮ ಬೆಲ್ಲದ ಮಳಿಗೆಯಲ್ಲಿ ಮಹಾಯುದ್ಧವೊಂದು ಕೂದಲೆಳೆಯ ಅಂತರದಲ್ಲಿ ತಪ್ಪಿತು.

ಕಂಪ್ಲಿ, ಮೆಟ್ರಿ ಕಡೆಯ ಆಲೆಮನೆಯವರೆಲ್ಲ ಸೇರಿ ಒಂದೇ ಲೇಬಲ್ಲಿನಲ್ಲಿ ಬೆಲ್ಲ ಮಾರುತ್ತೇವೆ. ಅದರ ಮೇಲಿನ ಮಾತು ಬರೆದ ಮಹಾಕವಿ ನಾನೇ: 'ಕರ್ರಗ ಅದೀನಂತ ಮೂಗು ಮುರೀಬ್ಯಾಡ್ರಿ, ಬಣ್ಣದ ಔಷಧಿ ಹಾಕಿಲ್ರಿ.' ಹಂಪಿಯ ಹೋಟೆಲಿನ ಮೇಡಂ ವರ್ಷದ ಆರ್ಡರ್ ಕೊಡಲು ಬಂದು ಕುಂತಿದ್ದರು. ಕಂಪ್ಲಿಯ ಆಲೆಮನೆಯ ಬಸಣ್ಣನ ಡಬ್ಬಿ ಎತ್ತಿಕೊಂಡು ಲೇಬಲ್ ಗಟ್ಟಿಯಾಗಿ ಓದಿದರು. ಮುಚ್ಚಳ ತೆಗೆದರೆ ಒಳಗೆ ಅರಿಶಿನ ಹಚ್ಚಿದ ಮದುಮಗಳಂಥ ಬೆಲ್ಲ!

"ಇದ್ಯಾವ ಕಪ್ಪು?" ಎಂದರು ಮೇಡಂ.

"ಬಣ್ಣ ಇಲ್ದಿದ್ರ ಜನ ಮುಟ್ಟಂಗಿಲ್ರಿ. ಕುದಿಯೋವಾಗ ಸ್ವಲ್ಪ ಪುಡಿ ಹಾಕೀನಿ," ಎಂದ ಬಸಣ್ಣ.

ಮೆಟ್ರಿಯ ಆಲೆಮನೆಯ ಹುಲಿಗೆಮ್ಮ ಎದ್ದೇಬಿಟ್ಟಳು. "ಲೇ ಬಸ್ಯಾ, ಪುಡಿ ನಿಂದು, ಹೆಸ್ರು ಎಲ್ಲಾರ್ದು! ನಿನ್ನೊಬ್ಬನ ಸಲುವಾಗಿ ನಮ್ಮೆಲ್ಲಾರ ಒಲಿ ಆರಸ್ತೀಯೇನು?"

ಮೇಡಂ ಬ್ಯಾಗು ಹೆಗಲಿಗೇರಿಸಿದರು. ಹುಲಿಗೆಮ್ಮ ಹೆಬ್ಬೆರಳನ್ನು ನೀರಲ್ಲಿ ಅದ್ದಿ, ಅವರೆದುರೇ ಬಸಣ್ಣನ ಡಬ್ಬಿಗಳ ಲೇಬಲ್ಲುಗಳನ್ನೆಲ್ಲ ಉಜ್ಜಿ ಕಿತ್ತಳು. ಆಮೇಲೆ ತನ್ನ ಕರಿ ಬೆಲ್ಲದ ಅಚ್ಚು ಒಡೆದು, "ತಿಂದ್ ನೋಡ್ರಿ, ಆಮ್ಯಾಲೆ ಹೋಗ್ರಿ" ಎಂದು ಚೂರೊಂದನ್ನು ಅವರ ಅಂಗೈಗಿಟ್ಟಳು. ಮೇಡಂ ತಿಂದರು. ಬ್ಯಾಗು ಮೆಲ್ಲಗೆ ಕೆಳಗಿಳಿಯಿತು.

ಆರ್ಡರ್ ಉಳಿಯಿತು. ನನ್ನ ಸಾಹಿತ್ಯವೂ ವ್ಯರ್ಥವಾಗಲಿಲ್ಲ. ಲೇಬಲ್ಲಿನಲ್ಲಿ ಬರೆದ ಬಣ್ಣ ಬಸಣ್ಣನ ಬೆಲ್ಲಕ್ಕೆ ಬಾರದಿದ್ದರೇನು, ಅವನ ಮುಖಕ್ಕೆ ಬಂತು.