ಬುಧವಾರ ಸಂಜೆಯ ಆನೆ

ಬಾಲದ ಕೊನೆಯ ಹೊಲಿಗೆ ಹಾಕಿ ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ ನ್ವೆ ಯೀ. ಅಂಗೈಯಗಲದ ಬೂದು ಆನೆ. ಬೆಳಗಿನ ಮೊದಲ ಬೆಳಕಿಗೆ ಹಿಡಿದು, ಸೊಂಡಿಲಿನ ಎರಡೂ ಪಕ್ಕ ಹೆಬ್ಬೆರಳಿನಿಂದ ಸವರುತ್ತಾರೆ. ಅಲ್ಲಿ ಏನೂ ಇಲ್ಲ. ಇರಲೂಬಾರದು. ಆದರೂ ಇನ್ನೊಮ್ಮೆ ಸವರುತ್ತಾರೆ.

"ಹೋದ ವರ್ಷ ಇಲ್ಲೇ ನನ್ನ ಮಾನ ಹೋಗಿದ್ದು."

ಮೌಲಮೈನ್‌ನ ನದಿದಂಡೆಯ ಬೀದಿಯಲ್ಲಿರುವ ದರ್ಜಿ ಅಂಗಡಿಯಲ್ಲಿ, ಐವತ್ತೆಂಟರ ನ್ವೆ ಯೀ ಹೆಂಗಸರ ಲುಂಗಿಗೆ ಸೊಂಟದ ಕಪ್ಪು ಪಟ್ಟಿ ಹೊಲಿಯುತ್ತಾರೆ. ದಿನಕ್ಕೆ ಇಪ್ಪತ್ತು. ಯಾರ ಕಣ್ಣಿಗೂ ಬೀಳದ ಹೊಲಿಗೆ ಅದು, ರವಿಕೆ ಮುಚ್ಚಿಬಿಡುತ್ತದೆ. ಉಳಿದ ಚೂರುಪಾರು ಮನೆಗೆ ಬರುತ್ತದೆ. ಮೇಲೆ ಬಣ್ಣದ ತುಂಡು, ನಡುವೆ ಹಳೆ ಕಂಬಳಿಯ ಪದರ, ಅಂಚಿಗೆ ಅದೇ ಕಪ್ಪು ಪಟ್ಟಿ. ಕೌದಿಯ ಹಾಗೆ ಒತ್ತೊತ್ತಾಗಿ ಹೊಲಿದು ಮಡಿಸಿದ ರಟ್ಟಿಗೆ ಕೂರಿಸಿದರೆ ಹುಟ್ಟುಹಬ್ಬದ ಕಾರ್ಡು. ಗೆಳತಿಯರಿಗೆ, ನೆಂಟರಿಗೆ. ಹದಿನಾಲ್ಕು ವರ್ಷಗಳಲ್ಲಿ ಒಂದನ್ನೂ ಮಾರಿಲ್ಲ. ಎಡಗಣ್ಣಿಗೆ ಪೊರೆ ಬಂದ ಮೇಲೆ ಒಂದು ಕಾರ್ಡಿಗೆ ನಾಲ್ಕು ಬೆಳಗು ಬೇಕು.

ಗಂಡಸರ ಕಾರ್ಡಿಗೆ ಮಾತ್ರ ಗಂಡಸರ ಲುಂಗಿಯ ಚೌಕಳಿ ತುಂಡೇ ಆಗಬೇಕು. ಹೆಂಗಸರ ಲುಂಗಿ ತಾಗಿದರೆ ಗಂಡಸಿನ ತೇಜಸ್ಸು ಕುಂದುತ್ತದೆ ಎಂಬುದು ಇಲ್ಲಿಯವರ ನಂಬಿಕೆ. "ಹೆಂಗಸರ ಲುಂಗಿ ಬಟ್ಟೇಲಿ ಮಾಡಿಕೊಟ್ರೆ ನಮ್ಮ ಬಾವ ಅದನ್ನ ಇಕ್ಕಳದಲ್ಲಿ ಹಿಡ್ಕೊಂಡು ಹೋಗ್ತಾನೆ," ಎಂದು ನಗುತ್ತಾರೆ.

ಬರ್ಮೀ ನಂಬಿಕೆಯಲ್ಲಿ ವಾರಕ್ಕೊಂದು ಪ್ರಾಣಿ; ಹುಟ್ಟಿದ ವಾರದ ಪ್ರಾಣಿಯೇ ಕಾರ್ಡಿನ ಚಿತ್ರ. ಸೋಮವಾರಕ್ಕೆ ಹುಲಿ, ಗುರುವಾರಕ್ಕೆ ಇಲಿ. ಬುಧವಾರ ಮಾತ್ರ ಎರಡು ಹೋಳು. ಮಧ್ಯಾಹ್ನದೊಳಗೆ ಹುಟ್ಟಿದವರದು ದಂತವಿರುವ ಆನೆ. ಆಮೇಲೆ ಹುಟ್ಟಿದವರದು ದಂತವಿಲ್ಲದ್ದು, ರಾಹುವಿನದು. ಹುಟ್ಟಿದ ಹೊತ್ತಿಗೆ ಗೊತ್ತಾದ ಅಕ್ಷರದಿಂದಲೇ ಹೆಸರಿಡುವುದರಿಂದ, ಹೆಸರಿನ ಮೊದಲ ಅಕ್ಷರವೇ ಅದನ್ನು ಹೇಳಿಬಿಡುತ್ತದೆ.

"ಯು ಮೋ ಅಂದ್ರೆ ಸಂಜೆಯವಳು ಅಂತ ಬೀದಿ ನಾಯಿಗೂ ಗೊತ್ತು. ನಲವತ್ತು ವರ್ಷದ ಗೆಳತಿ ನಾನು, ನಂಗೆ ಹೊಳೀಲಿಲ್ಲ ನೋಡಿ."

ಅದೇ ವಾರ ತಂಗಿಯ ಮಗನಿಗೂ ಆನೆ ಕತ್ತರಿಸುತ್ತಿದ್ದರು. ಅವನು ಬೆಳಗಿನವನು. ಅವನ ಕಾಗದದ ಅಚ್ಚನ್ನೇ ಇಟ್ಟು ಯು ಮೋ ಅವರ ಆನೆಗೂ ಬಿಳಿ ದಂತ ಹೊಲಿದುಬಿಟ್ಟರು. ಬೀದಿ ಮೂಲೆಯಲ್ಲಿ ಮೊಹಿಂಗಾ, ಅಂದರೆ ಮೀನು ಸಾರಿನ ಶಾವಿಗೆ, ಮಾರುವ ಯು ಮೋ ಗಿರಾಕಿಗಳೆದುರೇ ಕಾರ್ಡು ಬಿಡಿಸಿದರು. "ಅಕ್ಕಾ, ನಿಮ್ಮ ಜಾತಕಾನೇ ತಿದ್ದಿಬಿಟ್ಟವ್ರೆ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಯು ಮೋ ನಗಲಿಲ್ಲ.

"ನಾನು ಹುಟ್ಟಿದ ಹೊತ್ತು ನಿಂಗೆ ಅಷ್ಟು ಅಸಹ್ಯನೇನೇ?"

ಅಂದಿನಿಂದ ಮಾತಿಲ್ಲ. ನ್ವೆ ಯೀ ಹಿಂದಿನ ಓಣಿಯಿಂದ ಸುತ್ತುಹಾಕಿ ಅಂಗಡಿಗೆ ಹೋಗುತ್ತಾರೆ. "ಒಂದು ವರ್ಷದಿಂದ ಬೆಳಿಗ್ಗೆ ಬರೀ ಟೀ. ಇನ್ನೊಬ್ಬಳ ಹತ್ರ ಮೊಹಿಂಗಾ ತಿನ್ನೋಕೆ ಮನಸ್ಸು ಬರ್ಲಿಲ್ಲ."

ಇವತ್ತು ಸುತ್ತುಹಾಕುವುದಿಲ್ಲ. ಕಾರ್ಡನ್ನು ಎದೆಗೊತ್ತಿಕೊಂಡು ನೇರ ಮೂಲೆಗೆ ನಡೆಯುತ್ತಾರೆ. ಹಬೆಯಾಡುವ ಹಂಡೆಯ ಹಿಂದೆ ಯು ಮೋ ತಲೆಯೆತ್ತುವುದಿಲ್ಲ.

"ಏನು?"

"ಹುಟ್ಟುಹಬ್ಬ ಅಲ್ವಾ."

ಯು ಮೋ ಕೈ ಒರೆಸಿಕೊಂಡು ಕಾರ್ಡು ಬಿಡಿಸುತ್ತಾರೆ. ಹೆಬ್ಬೆರಳು ಸೊಂಡಿಲಿನ ಎರಡೂ ಪಕ್ಕ ಹರಿದಾಡುತ್ತದೆ.

"ಈ ಸಲ ಸರಿಯಾಗಿ ಹುಟ್ಟಿದೀನಿ."

"ಹಳೇದನ್ನ ಕೊಡು ಮಾರಾಯ್ತಿ. ಇನ್ನೂ ಇದ್ರೆ. ಒಲೆಗೆ ಹಾಕ್ತೀನಿ."

ಯು ಮೋ ಬೆರಳು ತೋರುವ ಕಡೆ ನ್ವೆ ಯೀ ನೋಡುತ್ತಾರೆ. ಎಣ್ಣೆ ಬಾಟಲಿಗಳ ಮೇಲೆ, ಕಂಬಕ್ಕೆ ಮೊಳೆ ಹೊಡೆದು ನೇತುಹಾಕಿದ ಕಾರ್ಡು. ಆನೆಗೆ ಮಸಿ ಹಿಡಿದಿದೆ. ಅರಿಶಿನದ ಕೈ ತಾಗಿ ತಾಗಿ ದಂತಗಳು ಹಳದಿಯಾಗಿವೆ.

"ಕೂತ್ಕೋ, ಆರಿಹೋಗುತ್ತೆ," ಎಂದು ಬಟ್ಟಲು ತಳ್ಳಿದ ಯು ಮೋ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಕೈ ತೆಗೆದಾಗ ಮುಂದಿನ ಎರಡು ಹಲ್ಲುಗಳಿಲ್ಲ. ಅವು ಹೋದದ್ದು ನ್ವೆ ಯೀಗೆ ಗೊತ್ತೇ ಇರಲಿಲ್ಲ.

"ನೋಡೇ, ಒಂದೇ ವರ್ಷದಲ್ಲಿ ನನ್ನವೆರಡೂ ಉದುರಿದ್ವು. ಅದರವು ಇನ್ನೂ ಗಟ್ಟಿ ಇವೆ."

"ತಪ್ಪು ಆನೆ ಕಣೇ ಅದು. ಇದನ್ನ ಇಟ್ಕೊಂಡು ಅದನ್ನ ಕೊಡು."

"ಕೊಡಲ್ಲ."